ಬೇಡ ಅಂದರೆ ಬೇಡವೇ?

1975ರ 6502 ಪ್ರೊಸೆಸರ್‌ಗೆ ಎಮ್ಯುಲೇಟರ್ ಬರೀತಿದ್ದೆ. ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಓಡ್ತಿತ್ತು. ಅದೇ ಕೋಡನ್ನು ಲಿನಕ್ಸ್ ಹಾಕಿದ ರಾಸ್ಪ್‌ಬೆರಿ ಪೈಯಲ್ಲಿ ಕಂಪೈಲ್ ಮಾಡಿದರೆ, ಹತ್ತು ಬೈಟ್ ಹಿಂದಕ್ಕೆ ಹಾರಬೇಕಾದ ಪ್ರೋಗ್ರಾಮ್ 246 ಬೈಟ್ ಮುಂದಕ್ಕೆ ಹಾರಿತು. ನಾನು ಬರೀ 'ಚಾರ್' ಅಂತ ಬರೆದಿದ್ದೆ. ಅದರಲ್ಲಿ ಮೈನಸ್ ಸಂಖ್ಯೆ ಹಿಡಿಯುತ್ತದೋ ಇಲ್ಲವೋ ಅನ್ನೋದನ್ನು ಸಿ ಭಾಷೆ ಕಂಪೈಲರಿಗೇ ಬಿಟ್ಟಿದೆ. ಜಿಸಿಸಿ ಇಂಟೆಲ್ ಮೇಲೆ ಹೂಂ ಅನ್ನುತ್ತೆ, ಆರ್ಮ್ ಲಿನಕ್ಸಿನಲ್ಲಿ ಊಹೂಂ. ಕಂಪೈಲರಿಗೆ ಚೆನ್ನಾಗಿ ಬೈದೆ.

ಅದೇ ವಾರ ಅಪ್ಪ ಊರಿಂದ ಬಂದಿದ್ದರು. "ಇನ್ನೊಂದು ಮುದ್ದೆ ಹಾಕ್ಲಾ ಮಾವ?" ಅಂದಳು ಹೆಂಡತಿ. "ಬ್ಯಾಡ ಕಣಮ್ಮ" ಅಂದರು. ಸಿಟಿಯಲ್ಲೇ ಬೆಳೆದವಳು, ಪಾತ್ರೆ ಎತ್ತಿಟ್ಟಳು. ನಮ್ಮೂರಲ್ಲಿ ಮೊದಲ 'ಬ್ಯಾಡ' ಬರೀ ಸಂಕೋಚ, ಮತ್ತೆ ಕೇಳಬೇಕು. ರಾತ್ರಿ ಅಪ್ಪ ಕತ್ತಲಲ್ಲಿ ಬಾಳೆಹಣ್ಣು ಹುಡುಕುತ್ತಿದ್ದರು.

ತಪ್ಪು ಯಾರದು? ಇಬ್ಬರೂ ತಂತಮ್ಮ ರೂಢಿಯಂತೆ ಸರಿಯಾಗೇ ನಡೆದುಕೊಂಡಿದ್ದರು. ಎರಡೂ ರೂಢಿ ಗೊತ್ತಿದ್ದವನು ನಾನೊಬ್ಬನೇ. ಫೋನ್ ನೋಡ್ತಾ ಕೂತಿದ್ದೆ.

ಕೋಡಿಗೆ 'ಸೈನ್ಡ್' ಅನ್ನೋ ಒಂದೇ ಪದ ಸೇರಿಸಿದೆ, ಸರಿಹೋಯ್ತು. ಬರೆಯದೇ ಬಿಟ್ಟಿದ್ದವನು ನಾನೇ, ಬೈಸಿಕೊಂಡಿದ್ದು ಕಂಪೈಲರ್. ಮರುದಿನ ಊಟಕ್ಕೆ ಮುಂಚೆ ಹೆಂಡತಿಗೆ ಹೇಳಿದೆ: "ಅಪ್ಪನ್ನ ಇನ್ನೊಂದ್ಸಲ ಕೇಳು."

"ಮೊದಲೇ ಹೇಳೋಕೇನಾಗಿತ್ತು?" ಅಂದಳು.