ಸಿಂಗಲ್ ಓನರ್, ವೆಲ್ ಮೇಂಟೇನ್ಡ್

ಹಳೇ ಕಾರು ಮಾರೋ ಜಾಹೀರಾತುಗಳನ್ನ ಒಂದಿಪ್ಪತ್ತು ಓದಿ ನೋಡಿ. ಹೆಚ್ಚುಕಮ್ಮಿ ಎಲ್ಲದರಲ್ಲೂ ಈ ಎರಡು ಮಾತು ಸಿಗುತ್ತೆ: ಸಿಂಗಲ್ ಓನರ್, ವೆಲ್ ಮೇಂಟೇನ್ಡ್. ಮೊದಲನೇದು ನಿಜವೋ ಸುಳ್ಳೋ ಅಂತ ಆರ್‌ಸಿ ನೋಡಿದರೆ ಗೊತ್ತಾಗುತ್ತೆ. ಎರಡನೇದನ್ನ ಎಲ್ಲಿ ನೋಡೋದು? ಫಳಫಳ ಹೊಳೆಯೋ ಪೇಂಟು ಅದನ್ನ ಹೇಳಲ್ಲ. ಪೇಂಟು ಹೋದ ವಾರ ಹೊಡೆಸಿರಬಹುದು. ಮಾರೋನ ಬಾಯಿಮಾತು ಬಿಟ್ಟರೆ ಬೇರೆ ಪುರಾವೆ ಇರಲ್ಲ. ಆ ಬಾಯಿಮಾತಿನಲ್ಲಿ ಎಷ್ಟು ಹೇಳಬೇಕು, ಎಷ್ಟು ಬಿಡಬಹುದು ಅನ್ನೋದು ನನಗೆ ಈಚೆಗೆ ತಲೆಗೆ ಹೊಕ್ಕ ಪ್ರಶ್ನೆ.

ಹೊಕ್ಕಿದ್ದು ನನ್ನ ಸೋದರಮಾವನಿಂದ. ಅವರದ್ದೊಂದು 1984ರ ಪ್ರೀಮಿಯರ್ ಪದ್ಮಿನಿ ಇದೆ, ಮೈಸೂರಲ್ಲಿ. ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾಗ ಬುಕ್ ಮಾಡಿ, ಕಾದು, ತಗೊಂಡಿದ್ದು. ಆಗ ದುಡ್ಡು ಕೊಟ್ಟ ತಕ್ಷಣ ಕಾರು ಸಿಗ್ತಿರಲಿಲ್ಲ, ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಈಗಿನ ಹುಡುಗರಿಗಾಗಿ ಎರಡು ಮಾತು: ಫಿಯೆಟ್‌ನ 1100 ಕಾರನ್ನ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬಯಿಯ ಕುರ್ಲಾದಲ್ಲಿ ಮಾಡ್ತಿದ್ದರು, 1974ರ ಹೊತ್ತಿಗೆ ಅದಕ್ಕೆ ಪದ್ಮಿನಿ ಅಂತ ಹೆಸರಾಯ್ತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಅಂದರೆ ಕಣ್ಣಮುಂದೆ ಬರೋದು ಇದೇ. ಕೊನೇ ಪದ್ಮಿನಿ ಟ್ಯಾಕ್ಸಿ ಅಲ್ಲಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳೀತು. ಮಾವನ ಗಾಡಿ ಕಾನೂನಿನ ಕಣ್ಣಲ್ಲಿ ವಿಂಟೇಜ್ ಕೂಡ ಅಲ್ಲ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು. ಆದ್ದರಿಂದ ಇದು ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸ್ಕೊಂಡು ಬಂದಿರೋ ಬರೀ ಹಳೇ ಗಾಡಿ.

ಮಾರೋ ಕಾರಣ ಸರಳ. ಅತ್ತೆಗೆ ಎರಡೂ ಮಂಡಿ ಬದಲಾಯಿಸಬೇಕು. ಇನ್ಶೂರೆನ್ಸ್ ದುಡ್ಡು ಒಂದು ಮಂಡಿಗೆ ಸಾಲುತ್ತೆ. ಮಾವನಿಗೂ ರಾತ್ರಿ ಹೊತ್ತು ಎದುರಿನ ಲೈಟು ಕಣ್ಣಿಗೆ ಹೊಡೆಯೋಕೆ ಶುರುವಾಗಿದೆ. ಕಂಪ್ಯೂಟರ್ ಕೆಲಸದವನು ಅನ್ನೋ ಒಂದೇ ಅರ್ಹತೆ ಮೇಲೆ ಫೋಟೊ ತೆಗೆದು ಜಾಹೀರಾತು ಬರೆಯೋ ಕೆಲಸ ನನ್ನ ಪಾಲಿಗೆ ಬಂತು.

ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಲೇಖನ ಬರೆದ. ಮೂರು ಪತ್ರಿಕೆಗಳು ಬೇಡ ಅಂದಿದ್ದ ಲೇಖನ, ಮುಂದೆ 2001ರಲ್ಲಿ ಅವನಿಗೆ ನೊಬೆಲ್ ತಂದುಕೊಡ್ತು. ಅದರ ತಿರುಳು ಇಷ್ಟೇ: ಯಾವ ಗಾಡಿ ಒಳ್ಳೇದು, ಯಾವುದು ಡಬ್ಬಾ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಎರಡರ ಮಧ್ಯದ ಬೆಲೆ ಹೇಳ್ತಾನೆ. ಆ ಬೆಲೆಗೆ ಡಬ್ಬಾ ಇಟ್ಟುಕೊಂಡವನು ಖುಷಿಯಾಗಿ ಮಾರ್ತಾನೆ, ಚೆನ್ನಾಗಿಟ್ಟವನು ಮನೆಗೆ ವಾಪಸ್ ಹೋಗ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯೋದು ಡಬ್ಬಾಗಳೇ. ನೀವು ಎಷ್ಟೇ ಪ್ರೀತಿಯಿಂದ ಇಟ್ಟಿರಿ, ಬೇರೆಯವರು ಹೇಳಿದ ಸುಳ್ಳಿನ ದಂಡ ನಿಮ್ಮ ಗಾಡಿ ಮೇಲೂ ಬೀಳುತ್ತೆ.

ನಮ್ಮೂರ ಕಡೆ ದನದ ಜಾತ್ರೆಗೆ ಹೋದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಎತ್ತಿನ ಬಾಯಿ ತೆಗೆದು ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಡೆಸಿ ನೋಡ್ತಾರೆ, ಆಮೇಲೆ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮುಗಿಸ್ತಾನೆ. ನೋಡೋದು ಕೊಳ್ಳೋನ ಕೆಲಸ. ಅವನು ಕೇಳದೇ ಇದ್ದದ್ದನ್ನ ಹೇಳೋದು ದಡ್ಡತನ ಅಂತಲೇ ನಮ್ಮ ತಾತನ ಲೆಕ್ಕ. ಸುಳ್ಳು ಹೇಳಬಾರದು, ಅಷ್ಟೇ.

ತಮಾಷೆ ಅಂದರೆ ಕಾನೂನೂ ತಾತನ ಪರವೇ ಇದೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಒಂದು ಕುದುರೆ ಬರುತ್ತೆ. ಹರಾಜಿನಲ್ಲಿ ಒಬ್ಬ ತನ್ನ ಕುದುರೆ ಮಾರ್ತಾನೆ, ಅದಕ್ಕೆ ಐಬಿದೆ ಅಂತ ಅವನಿಗೆ ಗೊತ್ತು, ಬಾಯಿ ಬಿಡಲ್ಲ. ಇದು ಮೋಸ ಅಲ್ಲ ಅನ್ನುತ್ತೆ ಕಾಯ್ದೆ. ಆದರೆ ಅದರ ಕೆಳಗೇ ಇನ್ನೊಂದು ಉದಾಹರಣೆ. ಕೊಳ್ಳೋಳು ಅವನ ಮಗಳು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳು. ಆಗ ಮಾತ್ರ ಆ ಸಂಬಂಧವೇ ಅವನ ಬಾಯಿ ಬಿಡಿಸಬೇಕು, ಐಬು ಹೇಳೋದು ಅವನ ಕರ್ತವ್ಯ. ಅದೇ ಕುದುರೆ, ಅದೇ ಐಬು. ಎದುರಿಗೆ ನಿಂತಿರೋದು ಯಾರು ಅನ್ನೋದರ ಮೇಲೆ ಮೌನದ ಬಣ್ಣ ಬದಲಾಗುತ್ತೆ. ಒಣಗಿದ ಕಾಯ್ದೆ ಪುಸ್ತಕದಲ್ಲಿ ಇಷ್ಟು ಒಳ್ಳೇ ಕಥೆ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಇದೇ ಜಗಳವನ್ನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗೆ ಬರೆದ ಪುಸ್ತಕದಲ್ಲಿ ಇಟ್ಟಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗಿನ ತುಂಬಾ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರ್ತಿವೆ ಅಂತ ಅವನಿಗೆ ಮಾತ್ರ ಗೊತ್ತು. ಹೇಳಬೇಕಾ, ಬೇಡವಾ? ಡಯೋಜಿನಿಸ್ ಅನ್ನೋ ಗುರು (ಪೀಪಾಯಿಯಲ್ಲಿ ವಾಸ ಮಾಡ್ತಿದ್ದವನಲ್ಲ, ಬ್ಯಾಬಿಲೋನಿನವನು) ಹೇಳದೇ ಇರೋದು ಬೇರೆ, ಮುಚ್ಚಿಡೋದು ಬೇರೆ ಅಂತಾನೆ. ಅವನ ಶಿಷ್ಯ ಆಂಟಿಪೇಟರ್ ಮಾತ್ರ ಎಲ್ಲಾ ಹೇಳಲೇಬೇಕು ಅಂತ ಪಟ್ಟು ಹಿಡೀತಾನೆ. ಸಿಸೆರೋ ಶಿಷ್ಯನ ಕಡೆ. ಆ ಶಿಷ್ಯನ ಪ್ರಕಾರ ಕೊಳ್ಳೋರೆಲ್ಲ ಒಂದರ್ಥದಲ್ಲಿ ಮಗಳೇ.

ನಮ್ಮ ಮಾವನೂ ಆ ಕಡೆಯವರು. ಒಳ್ಳೇದೇ ಆಯ್ತು, ಐಬುಗಳದ್ದೊಂದು ಪಟ್ಟಿ ಕೊಡಿ, ಜಾಹೀರಾತಲ್ಲಿ ಹಾಕೋಣ ಅಂದೆ. ಅವರು ತುಂಬ ಹೊತ್ತು ಯೋಚನೆ ಮಾಡಿ, ಡ್ರೈವರ್ ಸೀಟಿನ ಕೆಳಗೆ ತುಕ್ಕು ಹಿಡಿದ ಕಡೆ ತಗಡು ವೆಲ್ಡ್ ಮಾಡಿಸಿದ್ದು ಒಂದೇ, ಬೇರೆ ಏನೂ ಇಲ್ಲ ಅಂದರು. ಅವರು ಸುಳ್ಳು ಹೇಳೋ ಪೈಕಿ ಅಲ್ಲ. ನಾನು ಒಂದು ರೌಂಡ್ ಓಡಿಸಿದೆ. ಮೂರರಿಂದ ಎರಡಕ್ಕೆ ಬರೋವಾಗ ಗೇರು ಕರಕರ ಅಂತು. ಆಫ್ ಮಾಡಿ ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಸ್ಟಾರ್ಟೇ ಆಗಲಿಲ್ಲ. ಮಾವನ ಕೈಯಲ್ಲಿ ಇದ್ಯಾವುದೂ ಆಗಲ್ಲ. ಅವರು ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಚೂರು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಎರಡನೇ ಗೇರು ಹಾಕ್ತಾರೆ. ಎಂಜಿನ್ ಬಿಸಿ ಇದ್ದಾಗ ಚೋಕ್ ಮುಟ್ಟಲ್ಲ, ಆಕ್ಸಿಲರೇಟರ್ ಅರ್ಧ ಒತ್ತಿ ಹಿಡಿದು ಸೆಲ್ಫ್ ಹೊಡೀತಾರೆ. ಮಳೇಲಿ ನೀರು ದಾಟಿದ ಮೇಲೆ ಡ್ರಮ್ ಒಣಗಲಿ ಅಂತ ಎರಡು ಮೂರು ಸಲ ಬ್ರೇಕು ಸವರ್ತಾರೆ. ಇವೆಲ್ಲ ಅವರ ಕೈಕಾಲಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ವಯಸ್ಸಾದ ಗಾಡಿಯ ಒಂದೊಂದು ಸವಕಲಿಗೂ ಅವರ ದೇಹ ಒಂದೊಂದು ಅಭ್ಯಾಸ ಬೆಳೆಸಿಕೊಂಡಿದೆ. ಅಭ್ಯಾಸ ಆದಮೇಲೆ ಐಬು ಕಾಣಲ್ಲ.

ಸಿಸೆರೋ, ಕಾಯ್ದೆ, ನಮ್ಮ ತಾತ, ಮೂವರೂ ಕೈಬಿಟ್ಟ ಜಾಗ ಇದು. ಮಾರೋನಿಗೆ ತನ್ನ ವಸ್ತುವಿನ ಬಗ್ಗೆ ಎಲ್ಲಾ ಗೊತ್ತು, ಹೇಳ್ತಾನೋ ಇಲ್ವೋ ಅನ್ನೋದಷ್ಟೇ ಪ್ರಶ್ನೆ ಅಂತ ಅವರೆಲ್ಲ ಅಂದ್ಕೊಂಡಿದ್ದಾರೆ. ಅಕರ್ಲಾಫ್ ಕೂಡ. ಆದರೆ ಚೆನ್ನಾಗಿ ನೋಡಿಕೊಂಡ ವಸ್ತುವಿನ ತೊಂದರೆಯೇ ಬೇರೆ. ಚೆನ್ನಾಗಿರೋದು ಗಾಡಿ ಅಲ್ಲ, ಗಾಡಿ ಮತ್ತು ಮಾವ ಸೇರಿದ ಜೋಡಿ. ಮಾರೋದು ಜೋಡಿಯಲ್ಲಿ ಒಂದನ್ನ ಮಾತ್ರ. ಆಫೀಸಲ್ಲಿ ನಾವು ದಿನಾ ನೋಡೋದೇ ಇದು. ಹತ್ತು ವರ್ಷ ಒಂದೇ ಸಿಸ್ಟಮ್ ನೋಡಿಕೊಂಡವರು ಕೆಲಸ ಬಿಡೋವಾಗ ಕೊಡೋ ಕೆಟಿ ಡಾಕ್ಯುಮೆಂಟು ನಾಲ್ಕು ಪುಟ ಇರುತ್ತೆ, ಅದರಲ್ಲಿ ಒಂದು ಸುಳ್ಳೂ ಇರಲ್ಲ. ಆದರೂ ಮುಂದಿನ ವಾರ ರಾತ್ರಿ ಎರಡಕ್ಕೆ ಸರ್ವರ್ ಮಲಗಿದಾಗ ಅದರಲ್ಲಿ ಬೇಕಾದದ್ದು ಮಾತ್ರ ಸಿಗಲ್ಲ. ಗುರುವಾರ ಸಂಜೆ ಆ ಜಾಬನ್ನ ಕೈಯಲ್ಲೇ ಒಂದ್ಸಲ ರನ್ ಮಾಡ್ತಿದ್ದೆ ಅನ್ನೋದು ಅವರಿಗೆ ಕೆಲಸ ಅಂತಲೇ ಅನ್ನಿಸಿರಲ್ಲ.

ಹಾಗಾಗಿ ನಾವು ಪಟ್ಟಿ ಬರೆಯೋದು ಬಿಟ್ಟು ಬೇರೆ ಉಪಾಯ ಮಾಡಿದ್ವಿ. ಮಾವ ಓಡಿಸೋದು, ನಾನು ಪಕ್ಕ ಕೂತು ಅವರ ಕೈಕಾಲು ನೋಡ್ತಾ ಬರ್ಕೊಳ್ಳೋದು. ಚಾಮುಂಡಿ ಬೆಟ್ಟ ಹತ್ತಿ ಇಳಿಯೋಷ್ಟರಲ್ಲಿ ಹದಿಮೂರು ಅಂಶ ಆದವು. ಕೆಲವಕ್ಕೆ ಮಾವನೇ ಆಶ್ಚರ್ಯಪಟ್ಟರು.

ಗಿರಾಕಿ ಇಬ್ಬರು ಉಳಿದರು. ಒಬ್ಬರು ಮೈಸೂರಲ್ಲೇ ಕೆಫೆ ತೆರೀತಿರೋರು. ಎಂಜಿನ್ ತೆಗೆಸಿ, ಬಾನೆಟ್ ಮೇಲೆ ಗಾಜು ಕೂರಿಸಿ ಟೇಬಲ್ ಮಾಡೋ ಯೋಚನೆ. 2,75,000 ಕೊಡ್ತೀನಿ ಅಂದರು. ಇನ್ನೊಬ್ಬ ಹಾಸನದ ಹುಡುಗ, ಓಡಿಸೋಕೆ ಬೇಕು ಅನ್ನೋನು, 2,00,000 ಅಂದಿದ್ದ. ಹದಿಮೂರು ಅಂಶ ಓದಿ 1,85,000ಕ್ಕೆ ಇಳಿದ. ಕೆಫೆಯವರಿಗೆ ಪಟ್ಟಿ ತೋರಿಸಿದರೆ ಅವರು ಓದಲೂ ಇಲ್ಲ. ಇಲ್ಲದ ಎಂಜಿನ್ನಿಗೆ ಐಬೆಲ್ಲಿಂದ? ಯಾರಿಗೆ ನಿಜ ಬೇಕಾಗಿತ್ತೋ ಅವನಿಂದಲೇ ನಿಜಕ್ಕೆ 15,000 ಕಡಿತ.

ನಾನಾಗಿದ್ದರೆ ಕೆಫೆಗೇ ಕೊಡ್ತಿದ್ದೆ, ಮಾವನಿಗೂ ಹಾಗೇ ಹೇಳಿದೆ. ಗಾಡಿಗೆ ನೋವಾಗಲ್ಲ. ಎತ್ತನ್ನ ಕಟುಕನಿಗೆ ಕೊಡಬೇಡ ಅಂದರೆ ಅರ್ಥ ಇದೆ, ತಗಡಿಗೆ ಆ ಮಾತು ನಡೆಯಲ್ಲ. ಮಾರಿದ ಮೇಲೆ ಅದು ಅವರ ವಸ್ತು, ಟೇಬಲ್ಲಾದರೂ ಮಾಡಲಿ, ತೊಟ್ಟಿಯಾದರೂ ಮಾಡಲಿ. ಮಾವ ಸುಮ್ಮನೆ ಕೇಳಿಸ್ಕೊಂಡು, "ಓಡೋದನ್ನ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ ಕಣೋ" ಅಂದರು. ಅದು ಭಾವನೆ, ವಾದ ಅಲ್ಲ. ಭಾವನೆಗೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಬೆಲೆ ಇದೆ, ಇಲ್ಲಿ 90,000. ಆದರೆ ಆ 90,000 ಮಾವನೊಬ್ಬರದ್ದಲ್ವಲ್ಲ. ನೀತಿ ಇವರದ್ದು, ಮಂಡಿ ನೋವು ಅತ್ತೆದು. ತ್ಯಾಗ ಮಾಡೋರು ಯಾರ ಜೇಬಿನಿಂದ ಮಾಡ್ತಿದ್ದಾರೆ ಅಂತ ಕೇಳೋದು ನಮ್ಮ ಮನೆಗಳಲ್ಲಿ ಅಷ್ಟು ರೂಢಿಯಿಲ್ಲ. ನಾನು ಅತ್ತೆಯನ್ನೇ ಕೇಳಿದೆ.

ಅತ್ತೆ ನಕ್ಕರು. "ಕೆಫೆಯವರಿಗೆ ಕೊಟ್ಟರೆ ನಿಮ್ಮ ಮಾವ ದಿನಾ ಹೋಗಿ ಅದರ ಮುಂದೆ ನಿಂತ್ಕೋತಾರೆ. ಆಸ್ಪತ್ರೇಲಿ ನನ್ನ ಪಕ್ಕ ಕೂರೋರು ಯಾರು? ಆ ಹುಡುಗನಿಗೇ ಕೊಡಲಿ ಬಿಡು. ಒಂದು ಮಂಡಿ ಈ ವರ್ಷ, ಇನ್ನೊಂದು ಮುಂದಿನ ವರ್ಷ." ಇದು ಒಪ್ಪಿಗೆಯೋ, 40 ವರ್ಷದ ಅಭ್ಯಾಸವೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ.

ಹುಡುಗ ಅಡ್ವಾನ್ಸ್ ಕೊಡೋಕೆ ಬಂದ ದಿನ ಫಾರ್ಮ್ 29, 30 ಎಲ್ಲಾ ಸಹಿಯಾಗ್ತಿದ್ದಾಗ ಅತ್ತೆ ಕಾಫಿ ತಂದು ಇಟ್ಟು, ಮುಂದಿನ ಸೀಟಲ್ಲಿ ಯಾರಪ್ಪ ಕೂರೋದು ಅಂತ ಕೇಳಿದರು. ನಮ್ಮಮ್ಮ ಅಂದ.

"ಹಂಗಾದ್ರೆ ಹೇಳಿರು ಅವರಿಗೆ. ಗುಂಡಿಗೆ ಬಿದ್ದಾಗ ಎಡಗಡೆ ಬಾಗಿಲ ಲಾಕು ಬಿಟ್ಕೊಳ್ಳುತ್ತೆ. ನಾನು ಯಾವಾಗ್ಲೂ ಹಿಡಿ ಹಿಡ್ಕೊಂಡೇ ಕೂರ್ತಿದ್ದೆ."

ಮಾವ ಪೆನ್ನು ಕೆಳಗಿಟ್ಟರು. ಎಷ್ಟು ವರ್ಷದಿಂದ ಅಂತ ಕೇಳಿದರು. ಇಪ್ಪತ್ತಾಗಿರಬಹುದು ಅಂದರು ಅತ್ತೆ. ಹೇಳಬಾರದಿತ್ತಾ ಅಂದದ್ದಕ್ಕೆ, ಹಿಡ್ಕೊಂಡರೆ ಏನೂ ಆಗ್ತಿರಲಿಲ್ಲವಲ್ಲ ಅಂದರು. ಬೆಟ್ಟದ ದಾರಿ ಪೂರ್ತಿ ಆ ಎಡಗಡೆ ಸೀಟಲ್ಲೇ ಕೂತಿದ್ದ ನಾನು ನೋಡಿದ್ದು ಬಲಗಡೆಯ ಕೈಕಾಲುಗಳನ್ನ ಮಾತ್ರ. ಅವತ್ತು ದಾರಿಯಲ್ಲಿ ದೊಡ್ಡ ಗುಂಡಿ ಸಿಕ್ಕಿರಲಿಲ್ಲ.

ಗಾಡಿ ಅವತ್ತು ಹೋಗಲಿಲ್ಲ. ಮಾವನ ಹಳೇ ಮೆಕ್ಯಾನಿಕ್ ಗುಜರಿಯಲ್ಲಿ ಹುಡುಕಿ ಒಂದು ಲಾಕು ತಂದು ಕೂರಿಸೋಕೆ ಒಂಬತ್ತು ದಿನ ಹಿಡೀತು. ಆ ಖರ್ಚನ್ನ ಹುಡುಗನ ಲೆಕ್ಕಕ್ಕೆ ಸೇರಿಸೋಕೆ ಮಾವ ಒಪ್ಪಲಿಲ್ಲ. ಈಗ ಭಾನುವಾರ ಹನ್ನೊಂದರ ಹೊತ್ತಿಗೆ ಹಾಸನದಿಂದ ಫೋನು ಬರುತ್ತೆ. ಹೋದ ವಾರ ಬಿಸಿ ಎಂಜಿನ್ ವಿಷಯ. ಮಾವ ಮುಕ್ಕಾಲು ಗಂಟೆ ಮಾತಾಡಿದರು, ಪಕ್ಕದಲ್ಲಿ ಬ್ಯಾಂಡೇಜ್ ಕಾಲು ಚಾಚಿ ಕೂತಿದ್ದ ಅತ್ತೆ ಮಧ್ಯೆ ಫೋನು ಇಸ್ಕೊಂಡು, ಅಮ್ಮನಿಗೆ ಸೀಟು ತಗ್ಗಾಯ್ತಾ, ಒಂದು ದಿಂಬು ಹಾಕ್ಕೊಡು ಅಂದರು.