ಗುಳ್ಳೆ ಬರಲಿಲ್ಲ ಅಂದರೆ

ಬೈಕಿನ ಚಕ್ರಕ್ಕೆ ಮೊಳೆ ಹೊಕ್ಕು ದಾರಿಯಲ್ಲೇ ಗಾಳಿ ಹೋದರೆ ಯೋಚಿಸುವುದಕ್ಕೆ ಹೆಚ್ಚೇನಿರುವುದಿಲ್ಲ. ತಳ್ಳಿಕೊಂಡು ಹೋಗಿ ಪಂಕ್ಚರ್ ಹಾಕಿಸಬೇಕು, ಅಷ್ಟೆ. ಕಾಡುವುದು ನಿಧಾನವಾಗಿ ಗಾಳಿ ಇಳಿಯುವ ಚಕ್ರ. ರಾತ್ರಿ ಸರಿಯಿದ್ದದ್ದು ಬೆಳಿಗ್ಗೆ ಮೆತ್ತಗಾಗಿರುತ್ತದೆ. ಗಾಳಿ ಹೊಡೆಸಿದರೆ ಎರಡು ದಿನ ಓಡುತ್ತದೆ. ಹೀಗೇ ತಿಂಗಳು ಕಳೆದರೆ ಗಾಳಿ ಹೊಡೆಸುವುದೇ ರಿಪೇರಿ ಅನ್ನಿಸತೊಡಗುತ್ತದೆ.

ಶಿವಮೊಗ್ಗದಿಂದ ಸಾಗರದ ಕಡೆ ಹೊರಟರೆ ಆಯನೂರು ದಾಟಿದ ಮೇಲೆ ಕುಂಸಿ ಸಿಗುತ್ತದೆ. ಸಂಶೋಧನೆಯ ಕೆಲಸಕ್ಕೆ ಆ ಕಡೆಯ ಹಳ್ಳಿಗಳಿಗೆ ಓಡಾಡುತ್ತಿದ್ದಾಗ ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಈ ಕಾಯಿಲೆ ಹಿಡಿದಿತ್ತು. ಕುಂಸಿಯ ಪಂಕ್ಚರ್ ಅಂಗಡಿಯೊಂದರಲ್ಲಿ ಅದರ ಮೂಲ ಹುಡುಕಿದ ರೀತಿಯನ್ನು ಕೂತು ನೋಡಿದೆ.

ಅಂಗಡಿಯವರು ಮೊದಲು ಚಕ್ರ ಬಿಚ್ಚಲಿಲ್ಲ. ವಾಲ್ವಿನ ಬಾಯಿಗೆ ಉಗುಳು ಹಚ್ಚಿ ಕಾದರು. ಅದು ಉಬ್ಬಲಿಲ್ಲ. ಆಮೇಲೆ ಟ್ಯೂಬ್ ಹೊರಗೆ ತೆಗೆದು, ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಬಂದರು. ಒಂದು ಕಡೆ ಸಾಲಾಗಿ ಸಣ್ಣ ಗುಳ್ಳೆಗಳು ಕಂಡವು. ಹೆಬ್ಬೆರಳಿನಿಂದ ಒರೆಸಿದರು, ಮತ್ತೆ ಬರಲಿಲ್ಲ. ಟ್ಯೂಬಿನ ಮೈಗೆ ಅಂಟಿಕೊಂಡು ನೀರಿಗಿಳಿದ ಗಾಳಿ ಅದು, ಒಳಗಿನದಲ್ಲ. ಒಂದು ಸುತ್ತು ಮುಗಿಯಿತು.

“ಹಾಗಾದ್ರೆ ಟ್ಯೂಬ್ ಸರಿ ಇದೆ ಅಂತಾಯ್ತಾ ಅಣ್ಣಾ?” ಅಂದೆ.

“ಗುಳ್ಳೆ ಬರ್ಲಿಲ್ಲ ಅಂತಾಯ್ತು. ತಡೀರಿ.”

ಟ್ಯೂಬಿಗೆ ಇನ್ನಷ್ಟು ಗಾಳಿ ತುಂಬಿದರು, ಟೈರಿನೊಳಗೆ ಹಿಡಿಸುವುದಕ್ಕಿಂತ ದಪ್ಪಗಾಗುವಷ್ಟು. ನೀರಿನ ಅಲುಗಾಟ ನಿಲ್ಲಲು ಬಿಟ್ಟರು. ಎರಡೂ ಕೈಯಿಂದ ರಬ್ಬರನ್ನು ಎಳೆದು ಹಿಡಿದು ಮತ್ತೆ ಸುತ್ತು ಶುರು ಮಾಡಿದರು. ಕೊನೆಗೆ ಒಂದು ಜಾಗದಿಂದ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಆರೇಳು ಎಣಿಸುವಷ್ಟರಲ್ಲಿ ಅದೇ ಜಾಗದಿಂದ ಇನ್ನೊಂದು.

ಪ್ಯಾಚ್ ಹಚ್ಚುವುದಕ್ಕೆ ಮೊದಲು ಟ್ಯೂಬನ್ನು ಟೈರಿನ ಪಕ್ಕ ಹಿಡಿದು ಆ ತೂತಿನ ನೇರಕ್ಕೆ ಟೈರಿನ ಯಾವ ಭಾಗ ಬರುತ್ತದೆಂದು ಗುರುತು ಮಾಡಿಕೊಂಡರು. ಟೈರಿನ ಒಳಮೈಯಲ್ಲಿ ಅಲ್ಲಿ ಬೆರಳಾಡಿಸಿದರು. ಕೂದಲಿನಷ್ಟು ತೆಳ್ಳಗಿನ ತಂತಿ ಚೂರು ಸಿಕ್ಕಿತು. ಅದನ್ನು ಬಿಟ್ಟು ಪ್ಯಾಚ್ ಹಾಕಿದ್ದರೆ ವಾರದಲ್ಲಿ ಪಕ್ಕದಲ್ಲೇ ಇನ್ನೊಂದು ತೂತಾಗುತ್ತಿತ್ತು. ಇಷ್ಟು ದಿನ ಗಾಳಿ ನಿಧಾನವಾಗಿ ಇಳಿದದ್ದಕ್ಕೂ ಅದೇ ಕಾರಣ: ಚುಚ್ಚಿದ ತಂತಿ ತಾನು ಮಾಡಿದ ತೂತನ್ನು ತಾನೇ ಮುಕ್ಕಾಲು ಮುಚ್ಚಿಕೊಂಡಿತ್ತು.

“ಕಾಣಲಿಲ್ಲ” ಮತ್ತು “ಇಲ್ಲ” ಎಂಬ ಎರಡು ಮಾತುಗಳ ನಡುವಿನ ದೂರ ನಮ್ಮ ದಾರ್ಶನಿಕರಿಗೆ ಹಳೆಯ ಪ್ರಶ್ನೆ. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನು, ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದ. ಅದ್ವೈತಿಗಳೂ ಒಪ್ಪಿದರು. ನೆಲದ ಮೇಲೆ ಮಡಕೆ ಕಾಣುತ್ತಿಲ್ಲ, ಆದ್ದರಿಂದ ಮಡಕೆ ಇಲ್ಲ. ಆದರೆ ಇದಕ್ಕೊಂದು ಷರತ್ತಿದೆ, ‘ಯೋಗ್ಯ’ ಅನ್ನುವ ಷರತ್ತು. ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಅನ್ನುವ ಸ್ಥಿತಿಯಲ್ಲಿ ನಾವು ನೋಡಿರಬೇಕು. ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ಮಡಕೆ ಇಲ್ಲ ಅನ್ನುವ ಹಾಗಿಲ್ಲ. ಪಂಕ್ಚರ್ ಅಂಗಡಿಯ ಎರಡನೆಯ ಸುತ್ತು ಈ ಷರತ್ತನ್ನು ಪೂರೈಸುವ ಕೆಲಸವಾಗಿತ್ತು. ನೀರು ಅಲುಗಾಡುತ್ತಿರುವಾಗ, ರಬ್ಬರು ಸಡಿಲವಾಗಿರುವಾಗ ಗುಳ್ಳೆ ಬರದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಕಂಡದ್ದರ ಮೇಲೆ ಕಾರಣದ ಹೆಸರು ಅಂಟಿಬಿಡುವುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರುಗಳಲ್ಲಿ ಜ್ವರ ಬಂದು ಜನರೂ ಸತ್ತರು. ಮೊದಲ ಅನುಮಾನ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಕಡೆಗೆ ಹೋಯಿತು, ಅದೂ ಮಂಗಗಳನ್ನು ಕೊಲ್ಲುವ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್ಸು, ಉಣುಗುಗಳಿಂದ ಹರಡುವಂಥದ್ದು. ಮಂಗ ಸತ್ತು ಬಿದ್ದದ್ದು ಎಲ್ಲರಿಗೂ ಕಂಡಿತ್ತು, ತರಗೆಲೆಯ ಅಡಿಯ ಉಣುಗು ಕಂಡಿರಲಿಲ್ಲ. ಇಂದಿಗೂ ಊರ ಬಾಯಲ್ಲಿ ಅದು ಮಂಗನ ಕಾಯಿಲೆಯೇ. ಮಂಗವೂ ನಮ್ಮಂತೆ ಅದಕ್ಕೆ ಬಲಿಯಾಗುವ ಪ್ರಾಣಿ ಎಂಬುದನ್ನು ಆ ಹೆಸರು ಮರೆಸುತ್ತದೆ.

ಈ ಪ್ರಶ್ನೆ ನನಗೆ ನೈತಿಕವಾದದ್ದು ಅನ್ನಿಸಿದ್ದು ನನ್ನದೇ ಕೆಲಸದಲ್ಲಿ. ಕೂಲಿಯವರ ಬದುಕಿನ ಬಗ್ಗೆ ಮಾಹಿತಿ ಕೇಳಲು ಒಂದೂರಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಮನೆಯ ಯಜಮಾನರು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಊಟ, ನೀರು, ಲೋಟದ ವಿಷಯದಲ್ಲಿ ಭೇದವೇನಾದರೂ ಉಂಟೇ ಎಂದು ಕೇಳಿದೆ. “ನಮ್ಮೂರಲ್ಲಿ ಅಂಥದ್ದೆಲ್ಲ ಏನಿಲ್ಲ” ಅಂದರು. ಅಂಗಳದಲ್ಲಿ ನಿಂತಿದ್ದ ಕೆಲಸದವರೂ ಹೌದೆಂದು ತಲೆಯಾಡಿಸಿದರು. ಯಾರೂ ಗದರಿಸಲಿಲ್ಲ. ಆದರೆ ಅಲ್ಲಿ ಕೂತು ಕೇಳಿದರೆ ಬೇರೆ ಉತ್ತರ ಬರುವುದು ಸಾಧ್ಯವೇ ಇರಲಿಲ್ಲ. ಅಂಕಿಅಂಶದ ಫಾರಂನಲ್ಲಿ ಇರುವುದು ಹೌದು, ಇಲ್ಲ ಎಂಬ ಎರಡೇ ಚೌಕ. ನಾನು ಎರಡನ್ನೂ ಖಾಲಿ ಬಿಟ್ಟು, “ಯಜಮಾನರ ಜಗುಲಿಯಲ್ಲಿ, ಅವರ ಎದುರು ಕೇಳಿದಾಗ ಇಲ್ಲ ಅಂದರು” ಎಂದು ಅಂಚಿನಲ್ಲಿ ಬರೆದೆ. ಕೆಲವು ವಾರಗಳ ನಂತರ, ಅಡಿಕೆ ಸುಲಿಯುವ ಹೊತ್ತಿನಲ್ಲಿ, ಅದೇ ಊರಿನ ಹೆಂಗಸರು ಚಪ್ಪರದ ಗಳುವಿನ ಮೇಲೆ ಬೋರಲು ಹಾಕಿದ್ದ ಲೋಟಗಳ ಕಡೆ ಕಣ್ಣು ತೋರಿಸಿದರು. ಅವು ಅವರಿಗಾಗಿ ಬೇರೆ ಇಟ್ಟ ಲೋಟಗಳು. ಭೇದವನ್ನು ಉಳಿಸಿಕೊಂಡ ಸಲುಗೆ, ಉಪಕಾರ, ಮುಂಗಡ ಹಣಗಳೇ ಅದು ಹೊರಗೆ ಸೋರದಂತೆಯೂ ತಡೆದಿದ್ದವು. ಟೈರಿನೊಳಗಿನ ತಂತಿಯೂ ಹಾಗೆಯೇ ಇತ್ತು.

ಹಾಗಂತ ಅನುಮಾನಕ್ಕೆ ಕೊನೆಯೇ ಇರಬಾರದು ಅಂತಲ್ಲ. ಗಾಳಿ ಕಡಿಮೆಯಾದದ್ದೆಲ್ಲ ಸೋರಿಕೆಯೂ ಅಲ್ಲ. ಮಧ್ಯಾಹ್ನ 30 ಪಿಎಸ್‌ಐ ತೋರಿಸಿದ ಚಕ್ರ, ಉಷ್ಣತೆ 10 ಡಿಗ್ರಿ ಇಳಿದ ಚಳಿಯ ಬೆಳಗಿನಲ್ಲಿ ಸುಮಾರು ಒಂದೂವರೆ ಕಡಿಮೆ ತೋರಿಸುತ್ತದೆ, ತೂತಿಲ್ಲದೆಯೇ. ‘ಯೋಗ್ಯ’ ಅನ್ನುವ ಷರತ್ತು ಎರಡೂ ಕಡೆ ಕಟ್ಟಿಹಾಕುತ್ತದೆ. ಸರಿಯಾದ ಸ್ಥಿತಿಯಲ್ಲಿ ಹುಡುಕಿಯೂ ಸಿಗದಿದ್ದರೆ ನಾನು “ಇಲ್ಲ” ಎಂದು ಒಪ್ಪಿಕೊಳ್ಳಲೇಬೇಕು, ನನ್ನ ಊಹೆ ಎಷ್ಟೇ ಪ್ರಿಯವಾಗಿದ್ದರೂ.

ಎಲ್ಲರಿಗೂ ಅಷ್ಟು ಹುಡುಕುವ ಬಿಡುವಿರುವುದಿಲ್ಲ ಎಂಬುದೂ ನಿಜ. ಎಂಟು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕಾದವರು ಟ್ಯೂಬ್ ಬಿಚ್ಚಿಸುತ್ತ ಕೂರಲಾರರು. ಗಾಳಿ ಹೊಡೆಸಿಕೊಂಡು ಹೊರಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಚಕ್ರ ಸರಿಯಿದೆ ಅನ್ನುವುದಿಲ್ಲ, ಎಲ್ಲೋ ಇಳೀತಿದೆ, ನೋಡಿಸ್ಬೇಕು ಅನ್ನುತ್ತಾರೆ. ಫಾರಂ ತುಂಬುವ ನಮ್ಮಂಥವರು, ವರದಿ ಬರೆಯುವವರು, ಸಭೆಗಳಲ್ಲಿ ಊರಿನ ಪರವಾಗಿ ಮಾತಾಡುವವರು ಅಷ್ಟನ್ನಾದರೂ ಪಾಲಿಸಬಹುದು. ಯಾರ ಎದುರು ಕೇಳಿದೆವು, ಎಷ್ಟು ಹೊತ್ತು ಕಾದೆವು ಎಂಬುದನ್ನು ನಮ್ಮ ಪ್ರತಿಯೊಂದು “ಇಲ್ಲ”ದ ಪಕ್ಕದಲ್ಲಿ ಬರೆದಿಡಬಹುದು. ಮುಂದೆ ಹುಡುಕುವವರಿಗೆ ಎಲ್ಲಿಂದ ಶುರು ಮಾಡಬೇಕೆಂಬುದಾದರೂ ಆಗ ತಿಳಿಯುತ್ತದೆ.