ಹರಟೆಯ ಬೆಲೆ

ಗಂಡಸರು ಸೇರಿ ಮಾತಾಡಿದರೆ ಚರ್ಚೆ, ಹೆಂಗಸರು ಮಾತಾಡಿದರೆ ಕಾಡುಹರಟೆ! ಈ ಲೆಕ್ಕ ಯಾರು ಹಾಕಿದರೋ. ಗೆಳತಿಯರು ಸೇರಿದಾಗ ನಮ್ಮ ಮಾತು ಮಾವಿನಕಾಯಿ ಚಿತ್ರಾನ್ನದ ಒಗ್ಗರಣೆಯಿಂದ ಹೊರಡುತ್ತದೆ. 1985ರಿಂದ ಊರೂರು ಸುತ್ತುತ್ತಾ ಬಂದಿರುವ ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳನ್ನು ಹಾದು, ತ್ರಿವೇಣಿಯವರ ‘ಶರಪಂಜರ’ಕ್ಕೆ ಬಂದು ನಿಲ್ಲುತ್ತದೆ. ಹೆರಿಗೆಯ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಜನ ಅನುಮಾನದಿಂದಲೇ ನೋಡುತ್ತಾರೆ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಆ ಕಾವೇರಿಯಾದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳದವರು ಯಾರು?

ಒಮ್ಮೆ ಗೆಳತಿಯೊಬ್ಬಳು ಕೇಳಿದಳು: “ಅಲ್ಲ ಕಣ್ರೇ, ಕಾವೇರಿಗಾಗಿ ಇಷ್ಟು ಅಳ್ತೀವಲ್ಲ, ಹಾಗೆ ಆಸ್ಪತ್ರೆಯಿಂದ ಬಂದವಳು ಪಕ್ಕದ ಮನೆಯಲ್ಲೇ ಇದ್ದರೆ ಅರಿಶಿನ-ಕುಂಕುಮಕ್ಕೆ ಕರೀತೀವಾ?”

ಯಾರಿಗೂ ತಕ್ಷಣ ಮಾತು ಹೊರಡಲಿಲ್ಲ.

ಕಥೆಯ ಹೆಣ್ಣಿಗೆ ಮರುಗಲು ಖರ್ಚಿಲ್ಲ. ಪಕ್ಕದ ಮನೆಯವಳಿಗೆ ಮರುಗಬೇಕಾದರೆ ‘ನಾಲ್ಕು ಜನ ಏನಂದಾರು’ ಎಂಬ ಭಯ ದಾಟಬೇಕು. ಆ ನಾಲ್ಕು ಜನವೆಂದರೆ ಯಾರು? ಹೀಗೆ ಕೂತು ಮಾತಾಡುವ ನಾವೇ ಅಲ್ಲವೇ? ಒಬ್ಬಳ ಹೆಸರು ಕೆಡುವುದೂ ಹರಟೆಯಲ್ಲೇ, ‘ಕರೆಯೋಣ, ಬರಲಿ ಬಿಡು’ ಎಂದು ಅವಳಿಗೊಂದು ಮಣೆ ಸಿಗುವುದೂ ಹರಟೆಯಲ್ಲೇ. ಅದಕ್ಕೇ, ಹರಟೆ ಅಷ್ಟು ಹಗುರಾದ ಮಾತಲ್ಲ.